ಸೈಟ್ ನಂಬರ್ ನಲವತ್ತೊಂದು

ಈ ಬಡಾವಣಿ ನಕ್ಷೆ ಬರೆದಾಂವ ನಾನೇ.
ರಾಯಚೂರಾಗ, ಗಂಜಿನ ಹಿಂದ, ಪಂಖಾ ತಿರುಗದ ಖೋಲಿಯೊಳಗ
ಟ್ರೇಸಿಂಗ್ ಹಾಳಿ ಮ್ಯಾಲ ಬೆವರು ಬೀಳದಂಗ
ಹಣಿಗೆ ಟವೆಲ್ ಕಟಗೊಂಡು
ಎರಿ ಹೊಲಾನ ಮೂವತ್ತು-ನಲವತ್ತು ಮಾಡಿದೆ.
ತೊಗರಿ ಇನ್ನಾ ನಿಂತಿತ್ತು ಆವಾಗ, ಕಾಯಿ ಹಿಡಿದಿತ್ತು.

ಪಾರ್ಕಿಗೆ ಹಸಿರು ಪೆನ್ನು, ರೋಡಿಗೆ ಕಂದು,
ಒಂದು ಮೂಲಿಗೆ ಗುಡಿ, ಒಂದು ಮೂಲಿಗೆ ನೀರಿನ ಟ್ಯಾಂಕು.
ಮನಿ ಮನಿಗೂ ಕಾರು ನಿಲ್ಲೋ ಜಾಗ ತೋರಿಸಿದೆ.
ಯಾರ ಹತ್ರಾನೂ ಕಾರು ಇರಲಿಲ್ಲ,
ನಕ್ಷೆಯೊಳಗ ಇತ್ತು.
ಬಸ್ಸು?
ಬಸ್ಸು ಯಾರೂ ಕೇಳಲಿಲ್ಲ.
ನಾ ಬರೀಲಿಲ್ಲ.

ಕೆಲಸಕ್ಕ ಸ್ವಲ್ಪ ರೊಕ್ಕ, ಉಳಿದದ್ದಕ್ಕ
ಮೂಲಿ ಸೈಟು ಕೊಟ್ರು. ನಲವತ್ತೊಂದು.
ಎರಡೂ ಕಡೆ ರೋಡು.
"ನಸೀಬದಾರ" ಅಂದ್ರು ಆಫೀಸಿನ್ಯಾಗ. ಎಲ್ಲಾರಿಗೂ ಚಹಾ ಕುಡಿಸಿದೆ.

ಈಗ ಹದಿನೇಳು ವರ್ಷ.
ಬಸ್ಸು ಬೈಪಾಸಿನ ಪೆಟ್ರೋಲ್ ಬಂಕಿಗೇ ಬಂದು ತಿರುಗ್ತದ,
ಅಲ್ಲಿಂದ ನಮ್ಮ ಓಣಿಗೆ ಎರಡು ಸಾವಿರದ ಆರುನೂರು ಹೆಜ್ಜಿ.
ಎಣಿಸಿದಾಕಿ ಸುಗುರಮ್ಮ, ರಿಮ್ಸಿನ್ಯಾಗ ಆಯಾ,
ರಾತ್ರಿ ಪಾಳಿ ಮುಗಿಸಿ ಬರಾಕಿ.
ಬ್ಯಾಸಗಿಯೊಳಗ ಡಾಂಬರು ಚಪ್ಪಲಿ ಹಿಡೀತದ ಅಂತಾಳ,
ಮಳಿಗಾಲದಾಗ ಎರಿ ಮಣ್ಣು ಹಿಡೀತದ.
"ಹಿಡಿಯೋರು ಭಾಳ ಮಂದಿ, ಸಾಹೇಬ್ರ,
ಕರಕೊಂಡು ಹೋಗೋರು ಯಾರೂ ಇಲ್ಲ."

ಆಟೋದಾಂವ ಎಂಬತ್ತು ಕೇಳ್ತಾನ.
ನಾಜ್ನೀನ್ ಕಾಲೇಜು ಬಿಟ್ಟಿದ್ದು
ಫೀ ಕಟ್ಟಾಕ ಆಗದ ಅಲ್ಲ, ಈ ಎಂಬತ್ತಕ್ಕ.
ಉಳಿದ ಮಂದಿ ಸಾಲ ಮಾಡಿ ಸ್ಕೂಟಿ ತಂದ್ರು,
ಸ್ಕೂಟಿ ಸಾಲ ತೀರೋದ್ರಾಗ ಕಾರಿನ ಸಾಲ;
ನನ್ನ ನಕ್ಷೆ ಹೇಳಿದ್ದೇ ಖರೇ ಆತು.
ಸಂಜಿಗೆ ಗೇಟು ಗೇಟಿನ ಮುಂದ ಒಂದೊಂದು ಬಿಳಿ ಕಾರು,
ಒಳಗ ಜಾಗ ಸಾಲದ ಹೊರಗ ನಿಂತಾವ.
ಹಾಲಿನಾಂವ ಸೈಕಲ್ಲು ಓರೆ ಮಾಡಿ ದಾಟ್ತಾನ.

ಅರ್ಜಿ ಕೊಟ್ಟಿವಿ. ಕೊಟ್ಟಿವಿ. ಮತ್ತ ಕೊಟ್ಟಿವಿ.
ಒಂದಿನ ಡಿಪೋದಿಂದ ಡ್ರೈವರ್ ಉರುಕುಂದಪ್ಪ
ಖಾಲಿ ಬಸ್ಸು ತಂದ, ನೋಡೂಣು ಅಂತ.
ಬಂತು, ಬಂತು, ಪಾರ್ಕಿನ ತನಕ ಬಂತು,
ಹುಡುಗರು ಹಿಂದ ಓಡಿದ್ರು.
ತಿರುಗಾಕ ಆಗಲಿಲ್ಲ.
ಮುಂದ ಒಂದಿಷ್ಟು, ಹಿಂದ ಒಂದಿಷ್ಟು, ಮುಂದ, ಹಿಂದ,
ನನ್ನ ಕಾಂಪೌಂಡಿನ ಮೂಲಿಗೆ ಬಂಪರ್ ಮುಟ್ಟಿಸಿ
ಇಳಿದು ತಲಿ ಕೆರಕೊಂಡ:
"ಈ ಮೂಲಿ ಇಲ್ಲಂದ್ರ ತಿರುಗ್ತದ ನೋಡ್ರಿ.
ಯಾವ ಪುಣ್ಯಾತ್ಮ ಬರೆದಾನ ಈ ನಕ್ಷೆ?"

ನಾ ನೀರು ತಂದುಕೊಟ್ಟೆ. ಬಾಯಿ ಬಿಡಲಿಲ್ಲ.

ಆ ರಾತ್ರಿ ಹಳೇ ಹಾಳಿ ತೆಗೆದೆ. ಅಂಚು ಇಲಿ ತಿಂದಿತ್ತು.
ಬಸ್ಸಿಗೆ ಎಷ್ಟು ಬೇಕೋ ಅಷ್ಟು ಕಂಪಾಸ್ ಅಗಲಿಸಿ
ಗೆರಿ ಎಳೆದೆ. ಅದು
ದಾಸವಾಳದ ಬುಡ, ನೀರಿನ ಮೋಟರು,
ಕಾರು ನಿಲ್ಲಿಸೋ ತಗಡಿನ ನೆರಳು ಎಲ್ಲಾ ದಾಟಿ
ಅಡಿಗಿಮನಿ ಕಿಟಕಿಗೆ ಒಂದು ಗೇಣು ಬಿಟ್ಟು ಹೊಂಟಿತು.

ಶಶಿಕಲಾ ಬಗ್ಗಿ ನೋಡಿದಳು.
"ಚದರಡಿ ಎಷ್ಟು ನಡದದ, ಗೊತ್ತದೇನು?"
ಗೊತ್ತಿತ್ತು.
ಮೂರು ದಿನ ಮಾತಿಲ್ಲ, ಪಲ್ಯಾಕ್ಕ ಉಪ್ಪಿಲ್ಲ.
ನಾಕನೇ ದಿನ ರೊಟ್ಟಿ ಬಡೀತಾ ಬಡೀತಾ ಅಂದಳು:
"ಮೊದಲು ದಾಸವಾಳ ಕಿತ್ತು ಹಿತ್ತಲಾಗ ಹಚ್ಚರಿ.
ಆಮ್ಯಾಲ ಗ್ವಾಡಿ ಒಡಸರಿ."

ದಿನಕ್ಕ ಮೂರು ಸರ್ತಿ ಬರ್ತದ ಈಗ. ಐತವಾರ ಇಲ್ಲ.
ಸುಗುರಮ್ಮನ ಲೆಕ್ಕ ಐವತ್ತೆರಡು ಹೆಜ್ಜಿಗೆ ಇಳಿದದ.
ನಾಜ್ನೀನ್ ಮತ್ತ ಹೆಸರು ಹಚ್ಯಾಳೋ ಇಲ್ಲೋ,
ಕೇಳಾಕ ಧೈರ್ಯ ಆಗಿಲ್ಲ.
ದಾಸವಾಳ ಒಣಗಿತು.
ಬಾಜೂ ಮನಿ ಪಂಪಾಪತಿ, ನಾ ಕಡದ ಮೂಲಿ
ಖಾಲಿನೇ ಅದಲ್ಲ ಅಂತ
ರಾತ್ರಿ ತನ್ನ ಕಾರು ಅಲ್ಲೇ ನಿಲ್ಲಿಸ್ತಾನ, ಚಾದರ ಹೊಚ್ಚಿ.

ಮುಂಜಾನಿ ಆರಕ್ಕ ಹಾರ್ನು.
ಲುಂಗಿ ಮ್ಯಾಲೇ ಹೋಗಿ ಅವನ ಗೇಟು ಬಡೀತೀನಿ:
ಏ ಯಪ್ಪಾ, ಏಳು,
ಚಾವಿ ತಗೊಂಡು ಬಾ,
ಬಸ್ಸು ತಿರುಗಬೇಕು.